ರೇಣುಕಾ ‘ಊಹೂಂ’ ಎಂದ ಚಳಿಗಾಲ

ಹೋದ ತಿಂಗಳು ತಂಗಿಯ ಮಗಳಿಗೆ ಕನ್ನಡಕ ಮಾಡಿಸಲು ಸಹಕಾರನಗರಕ್ಕೆ ಹೋಗಿದ್ದೆ. ನಾನು ಮೊದಲು ಕೆಲಸ ಮಾಡುತ್ತಿದ್ದ ನರ್ಸಿಂಗ್ ಹೋಮಿನ ಕಟ್ಟಡದಲ್ಲಿ ಈಗ ಜಿಮ್ ಬಂದಿದೆ. ಹೆಂಗಸರ ವಾರ್ಡ್ ಇದ್ದ ಮೊದಲ ಮಹಡಿಯ ಗಾಜಿನ ಹಿಂದೆ ನಾಲ್ಕೈದು ಜನ ನಿಂತಲ್ಲೇ ಓಡುತ್ತಿದ್ದರು. ಅದನ್ನು ನೋಡಿ ನನಗೆ ವಿಶೇಷವಾಗಿ ಏನೂ ಅನ್ನಿಸಲಿಲ್ಲ. ಈ ಊರಿನ ಕಟ್ಟಡಗಳೇ ಹಾಗೆ. ಆದರೆ ಎದುರಿನ ಫುಟ್‌ಪಾತಿನಲ್ಲಿ ಒಬ್ಬ ಹೆಂಗಸು ಗೋಣಿತಾಟು ಹಾಸಿ ಅವರೆಕಾಯಿ ಸುರಿದುಕೊಂಡು ಕೂತಿದ್ದಳು. ಕಾಯಿಯ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಬಗ್ಗಿ ಒಂದು ಹಿಡಿ ಎತ್ತಿಕೊಂಡೆ. ಆ ಸೊಗಡು ಮೂಗಿಗೆ ಬಡಿದದ್ದೇ ತಡ, ರೇಣುಕಾ ನೆನಪಾದಳು. ತಂಗಿಯ ಮಗಳು "ದೊಡ್ಡಮ್ಮ, ಅಂಗಡಿ ತೆಗ್ದಿದಾರೆ, ಬನ್ನಿ" ಎಂದು ತೋಳು ಹಿಡಿದು ಎಳೆಯುವವರೆಗೂ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದೆ.

ನಾನು ಗದಗ ಜಿಲ್ಲೆಯ ರೋಣ ತಾಲೂಕಿನವಳು. ನರ್ಸಿಂಗ್ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ಬಹಳ ಕಾಲ ಯಶವಂತಪುರದ ಕಡೆ ಆಪರೇಷನ್ ವಾರ್ಡಿನಲ್ಲಿದ್ದೆ. ಸಹಕಾರನಗರದ ಈ ನರ್ಸಿಂಗ್ ಹೋಮಿನ ಮನೋರೋಗದ ವಾರ್ಡಿಗೆ ಬಂದದ್ದು ರೇಣುಕಾ ಬಂದ ವರ್ಷದ ದೀಪಾವಳಿ ಕಳೆದ ಮೇಲೆ. ಆಪರೇಷನ್ ವಾರ್ಡಿನಲ್ಲಿ ಮಾಡಿದ ಕೆಲಸ ಕಣ್ಣಿಗೆ ಕಾಣುತ್ತದೆ. ಹೊಲಿಗೆ ಒಣಗುತ್ತದೆ, ಜ್ವರ ಇಳಿಯುತ್ತದೆ, ರೋಗಿ ಎದ್ದು ನಡೆದು ಹೋಗುತ್ತಾನೆ. ಇಲ್ಲಿ ಹಾಗಲ್ಲ. ಒಬ್ಬರ ಪಕ್ಕದಲ್ಲಿ ಸುಮ್ಮನೆ ಕೂತಿರುವುದೂ ಕೆಲಸವೇ ಎಂದು ಒಪ್ಪಿಕೊಳ್ಳಲು ನನಗೆ ಸಮಯ ಹಿಡಿಯಿತು. ಹಾಗೆ ಒಪ್ಪಿಕೊಳ್ಳುತ್ತಿದ್ದ ದಿನಗಳಲ್ಲಿ ಮಲ್ಲಪ್ಪ ತನ್ನ ಹೆಂಡತಿಯನ್ನು ಕರೆದುಕೊಂಡು ಬಂದ.

ರೇಣುಕಾಗೆ ಮೂವತ್ತರ ಆಸುಪಾಸು. ಗಂಡ ಹೆಂಡತಿ ಇಬ್ಬರೂ ಗದಗಿನ ಕಡೆಯವರು, ಬೆಂಗಳೂರಿನ ಅಬ್ಬಿಗೆರೆಯ ಒಂದು ವಠಾರದಲ್ಲಿ ಮನೆ ಮಾಡಿಕೊಂಡಿದ್ದರು. ಅವಳು ಒಂದು ಖಾಸಗಿ ಶಾಲೆಯ ಬಸ್ಸಿನಲ್ಲಿ ಆಯಾ. ಮಕ್ಕಳನ್ನು ಹತ್ತಿಸಿ ಕೂರಿಸುವುದು, ಇಳಿಸಿ ತಾಯಂದಿರ ಕೈಗೆ ಒಪ್ಪಿಸುವುದು, ಆಮೇಲೆ ಬಸ್ಸಿನ ಮೈ ತಟ್ಟಿ ಡ್ರೈವರಿಗೆ "ರೈಟ್" ಎಂದು ಕೂಗುವುದು ಅವಳ ಕೆಲಸ. ಒಂದು ಮಧ್ಯಾಹ್ನ ಎರಡನೇ ಕ್ಲಾಸಿನ ಧೃತಿ ಎಂಬ ಹುಡುಗಿ ಇಳಿಯುತ್ತಿದ್ದಳು. ಅದೇ ಹೊತ್ತಿಗೆ ಒಳಗೆ ಯಾವುದೋ ಮಗುವಿನ ನೀರಿನ ಬಾಟಲಿ ಉರುಳಿ ರೇಣುಕಾಳ ಕಾಲಿಗೆ ಬಂತು. ಅವಳು ಅದನ್ನು ಎತ್ತಲು ಬಗ್ಗಿದಳು, ಬಗ್ಗಿದಂತೆಯೇ "ರೈಟ್" ಎಂದಳು. ಧೃತಿಯ ಬ್ಯಾಗಿನ ಪಟ್ಟಿ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಬಸ್ಸು ಹೊರಟಿತು, ಮಗುವನ್ನೂ ಜೊತೆಗೆ ಎಳೆದುಕೊಂಡು ಹೋಯಿತು. ರಸ್ತೆಯವರು ಕಿರುಚಿದ್ದರಿಂದ ಡ್ರೈವರ್ ಬ್ರೇಕ್ ಹಾಕಿದ. ಧೃತಿ ಬದುಕಿದಳು, ಆದರೆ ಕಾಲಿನ ಮೂಳೆ ಮುರಿದಿತ್ತು. ರೇಣುಕಾ ಕೂಗಲೆಂದು ಬಾಯಿ ತೆರೆದಿದ್ದಳಂತೆ. ಧ್ವನಿ ಬರಲಿಲ್ಲ. ಆಮೇಲೂ ಬರಲಿಲ್ಲ.

ಗಂಟಲಿನ ಡಾಕ್ಟರು ನಳಿಕೆ ಇಳಿಸಿ ನೋಡಿ ಎಲ್ಲ ಸರಿಯಾಗಿದೆ ಎಂದು ಕಳಿಸಿದ್ದರು. ಆ ಮಾತೇ ಅವಳಿಗೆ ಮುಳುವಾಯಿತು. ಪೊಲೀಸರು ಹೇಳಿಕೆ ಕೇಳುತ್ತಾರೆಂದು ಬಾಯಿ ಕಟ್ಟಿಕೊಂಡಿದ್ದಾಳೆ ಎಂದು ಶಾಲೆಯವರು ಅಂದರು. ವಠಾರದವರು ಗಾಳಿ ಸೋಕಿದೆ ಎಂದು ನಿಂಬೆಹಣ್ಣು ನಿವಾಳಿಸಿದರು. ಮಲ್ಲಪ್ಪ ಇವೆರಡರ ನಡುವೆ ಸಿಕ್ಕಿ ಬಳಲಿ ಹೋಗಿದ್ದ.

"ನಿದ್ದ್ಯಾಗ ಕೆಮ್ಮಿದ್ರ ಧ್ವನಿ ಬರತೈತ್ರಿ" ಎಂದು ಅವನು ನಮ್ಮ ಡಾಕ್ಟರ್ ವಿನುತಾ ಅವರ ಮುಂದೆ ಹೇಳಿದ. "ಮಾತಾಡಂದ್ರ ಬರೂದಿಲ್ಲ. ಗಂಟಲದಾಗ ಏನೂ ಆಗಿಲ್ಲಂತ. ಏನೂ ಆಗಿಲ್ಲಂದ್ರ ಇಕಿ ಯಾಕ ಹಿಂಗದಾಳ್ರಿ? ಮಂದಿ ನಾಟಕ ಅಂತಾರ."

ರೇಣುಕಾ ಪಕ್ಕದ ಕುರ್ಚಿಯಲ್ಲಿ ಸೆರಗಿನ ಅಂಚನ್ನು ಹಿಂಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

ಡಾಕ್ಟರು ಕೇಳಿದರು, "ನೀವು ಏನ್ ಕೆಲ್ಸ ಮಾಡ್ತೀರಾ ಮಲ್ಲಪ್ಪ ಅವರೇ?"

"ಮೋಟರ್ ವೈಂಡಿಂಗ್ ರೀ."

"ಲೋಡ್ ಜಾಸ್ತಿ ಆದ್ರೆ ಏನಾಗತ್ತೆ?"

"ಟ್ರಿಪ್ ಆಗಿ ಬಂದ್ ಬೀಳತೈತ್ರಿ."

"ಆಗ ಮೋಟರ್ ಕೆಟ್ಟಿರತ್ತಾ?"

"ಇಲ್ರಿ. ಸುಡಬಾರ್ದಂತನ ಟ್ರಿಪ್ ಆಗೂದು."

"ಮೋಟರ್ ನಾಟಕ ಮಾಡ್ತಿದೆ ಅಂತೀರಾ?"

ಮಲ್ಲಪ್ಪ ಹೆಂಡತಿಯ ಕಡೆ ಹೊರಳಿ ನೋಡಿದ. "ಇಲ್ರಿ" ಎಂದ.

ಡಿಸೋಸಿಯೇಟಿವ್ ಡಿಸಾರ್ಡರ್ ಎಂದು ಕೇಸ್ ಶೀಟಿನಲ್ಲಿ ಬರೆದದ್ದನ್ನು ಡಾಕ್ಟರು ನನಗೆ ಆಮೇಲೆ ಬಿಡಿಸಿ ಹೇಳಿದರು. ತಡೆದುಕೊಳ್ಳಲಾಗದ್ದು ನಡೆದಾಗ ಮನಸ್ಸು ತನ್ನದೇ ಒಂದು ಭಾಗವನ್ನು ಬೇರೆ ಮಾಡಿ ಇಟ್ಟುಬಿಡುತ್ತದೆ. ಕೆಲವರಿಗೆ ನೆನಪು ಹೋಗುತ್ತದೆ, ಕೆಲವರಿಗೆ ಕಾಲು ಏಳುವುದಿಲ್ಲ, ಕೆಲವರು ತಾವು ಯಾರೆಂಬುದನ್ನೇ ಮರೆಯುತ್ತಾರೆ. ಇವಳಿಗೆ ಧ್ವನಿ ಹೋಗಿತ್ತು. ಬೇಕೆಂದು ಮಾಡಿದ್ದಲ್ಲ, ಬೇಡವೆಂದರೆ ನಿಲ್ಲುವುದೂ ಅಲ್ಲ. "ನಿಜಾನಾ ಸುಳ್ಳಾ ಅಂತ ಪರೀಕ್ಷೆ ಮಾಡೋದು ನಮ್ಮ ಕೆಲ್ಸ ಅಲ್ಲ ಸಿಸ್ಟರ್" ಎಂದರು. "ಆ ದಿನದ ಬಗ್ಗೆ ನೀವಾಗಿ ಕೇಳ್ಬೇಡಿ, ಅವಳಾಗಿ ಎತ್ತಿದ್ರೆ ತಡೀಬೇಡಿ. ಮಾತು ಬರ್ಲಿಲ್ಲ ಅಂತ ಅಯ್ಯೋ ಪಾಪ ಬೇಡ. ಬಂತು ಅಂತ ಚಪ್ಪಾಳೆನೂ ಬೇಡ. ದಿನಾ ಒಂದೇ ಥರ ಇರಿ. ನಿಮ್ಮ ಭಾಷೆನೇ ಅವಳದ್ದೂ ಅಲ್ವಾ, ನೀವೇ ನೋಡ್ಕೊಳ್ಳಿ."

ದಿನವೂ ಒಂದೇ ಥರ ಇರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಾದದ್ದು ಆಗಲೇ. ಬೆಳಿಗ್ಗೆ ಶಾಲೆ ಬಸ್ಸುಗಳು ನಮ್ಮ ರಸ್ತೆಯಲ್ಲಿ ಹಾದುಹೋಗುತ್ತಿದ್ದವು. ಹಾರ್ನ್ ಕೇಳಿದರೆ ರೇಣುಕಾಳ ಕಣ್ಣು ಒಂದೆಡೆ ನೆಟ್ಟುಬಿಡುತ್ತಿತ್ತು. ಕರೆದರೆ ಕೇಳುತ್ತಿರಲಿಲ್ಲ. ಆಗ ನಾನು ಅವಳ ಎದುರಿಗೆ ಕೂತು, ಭುಜ ಹಿಡಿದು ಅಲುಗಾಡಿಸದೆ, ಮೆಲ್ಲಗೆ ಹೇಳುತ್ತಿದ್ದೆ: "ರೇಣುಕಾ ಅವರ, ಇದು ಆಸ್ಪತ್ರಿ. ನಾ ಇಲ್ಲೇ ಅದೀನಿ. ಕಾಲು ನೆಲಕ್ಕ ಊರ್ರಿ. ನೆಲ ತಣ್ಣಗೈತಿ ನೋಡ್ರಿ. ಕಿಟಕಿ ಹೊರಗ ಏನ್ ಕಾಣತೈತಿ?" ಕೈಗೆ ತಣ್ಣೀರಿನ ಸ್ಟೀಲ್ ಲೋಟ ಕೊಡುತ್ತಿದ್ದೆ. ನಿಧಾನಕ್ಕೆ ಬೆರಳುಗಳು ಲೋಟವನ್ನು ಬಿಗಿಯಾಗಿ ಹಿಡಿಯುತ್ತಿದ್ದವು, ಕಣ್ಣು ತಿರುಗಿ ನನ್ನ ಮುಖಕ್ಕೆ ಬರುತ್ತಿತ್ತು. ಅಷ್ಟು ಹೊತ್ತು ಅವಳು ಎಲ್ಲಿಗೆ ಹೋಗಿದ್ದಳೆಂದು ನಾನು ಕೇಳುತ್ತಿರಲಿಲ್ಲ.

ಗಂಟಲಿನ ಅಭ್ಯಾಸ ಬೇರೆ. ಕೆಮ್ಮಿನಲ್ಲಿ ಧ್ವನಿ ಇದೆಯೆಂದರೆ ದಾರಿ ಅಲ್ಲಿಂದಲೇ ಹುಡುಕಬೇಕು ಎಂದಿದ್ದರು ಡಾಕ್ಟರು. ಬಿಸಿನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದೆ. ಗುಳುಗುಳು ಎನ್ನುವಾಗ ನೀರಿನ ಜೊತೆ ಒಂದಿಷ್ಟು ಧ್ವನಿ ಇತ್ತು. ಅದು ಅವಳಿಗೂ ಕೇಳಿಸಿತು, ಗಾಬರಿಯಿಂದ ನಿಲ್ಲಿಸಿಬಿಟ್ಟಳು. "ಇರಲಿ, ಸಾಕು ಇವತ್ತಿಗೆ" ಎಂದೆ. ಮಾರನೆಯ ದಿನ ಮತ್ತೆ. ಆಮೇಲೆ ತುಟಿ ಮುಚ್ಚಿಕೊಂಡು ಮ್ ಎನ್ನುವುದು, ಬೆರಳನ್ನು ಗಂಟಲ ಮೇಲಿಟ್ಟು ಅದರ ನಡುಕ ಮುಟ್ಟಿ ನೋಡುವುದು. ಮೊದಮೊದಲು ಬರೀ ಉಸಿರು. ಒಂದು ಬೆಳಿಗ್ಗೆ ಅವಳ ಗಂಟಲು ನನ್ನ ಬೆರಳ ಕೆಳಗೆ ಸಣ್ಣಗೆ ನಡುಗಿತು. ನಾನು ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಡ್ಯೂಟಿ ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಒಬ್ಬಳೇ ನಕ್ಕೆ.

ನಮ್ಮ ಮಾತಿನಲ್ಲಿ ಒಂದು ಅನುಕೂಲವಿದೆ. ತುಟಿ ತೆರೆಯದೆಯೇ ನಾವು ಅರ್ಧ ಸಂಸಾರ ನಡೆಸಬಲ್ಲೆವು. ಹೌದೆನ್ನಲು ಹ್ಞೂಂ ಸಾಕು, ಇಲ್ಲವೆನ್ನಲು ಊಹೂಂ ಸಾಕು. ಹಾಗಾಗಿ ನಾನು ಅವಳೆದುರು ಅಂಥವೇ ಪ್ರಶ್ನೆ ಇಡತೊಡಗಿದೆ. ಚಹಾ ಬೇಕೇನ್ರಿ? ಬಿಸಿಲಿಗೆ ಕೂರೂಣೇನ್ರಿ? ಬರೆದು ತೋರಿಸಲೆಂದು ಮಲ್ಲಪ್ಪ ತಂದುಕೊಟ್ಟಿದ್ದ ಸ್ಲೇಟನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ದೂರ ಇಟ್ಟೆವು. ಅವಳು ಇನ್ನೂ ತಲೆಯಾಡಿಸುತ್ತಿದ್ದಳು, ಆದರೆ ತಲೆಯಾಡಿಸುವಾಗ ತುಟಿಯೊಳಗೆ ಏನೋ ಸಿದ್ಧವಾಗುತ್ತಿತ್ತು.

ಅಷ್ಟರಲ್ಲಿ ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬಂದರು. ಹೆಂಗಸು, ಕೆಟ್ಟವರೇನಲ್ಲ. ಡಾಕ್ಟರು ಇನ್ನೂ ಬಂದಿರಲಿಲ್ಲ. ನಾನು ತಡೆಯುವ ಮೊದಲೇ ಅವರು ಮಂಚದ ಪಕ್ಕ ನಿಂತು, "ಬಾಯಿ ಬಿಡಮ್ಮ. ಡ್ರೈವರ್ ಒಬ್ನ ಮೇಲೇ ಎಲ್ಲಾ ಬಿದ್ದು ಒಳಗಿದಾನೆ. ನೀನು ನೋಡಿದ್ರೆ ಆಕ್ಟ್ ಮಾಡ್ಕೊಂಡು ಮಲ್ಗಿದೀಯಾ ಅಂತಾರೆ" ಎಂದರು. ರೇಣುಕಾಳ ಕೈಯಲ್ಲಿದ್ದ ಲೋಟ ಬಿತ್ತು. ಮುಖ ಕಲ್ಲಾಯಿತು. ಡಾಕ್ಟರು ಬಂದು ಆ ಹೆಂಗಸನ್ನು ಹೊರಗೆ ಕರೆದೊಯ್ದು, ಇವಳು ಹೇಳುವ ಸ್ಥಿತಿಗೆ ಬಂದಾಗ ತಾವೇ ತಿಳಿಸುವುದಾಗಿ ಹೇಳಿ ಕಳಿಸಿದರು. ಆದರೆ ಮಾರನೆಯ ದಿನ ಗಂಟಲ ಮೇಲೆ ಬೆರಳಿಟ್ಟರೆ ನಡುಕವಿಲ್ಲ. ಮುಕ್ಕಳಿಸಿದರೆ ಬರೀ ನೀರಿನ ಸದ್ದು. ನಾನು ಡಾಕ್ಟರ ಬಳಿ ಹೋಗಿ, ಎಲ್ಲ ಮೊದಲಿನ ಜಾಗಕ್ಕೇ ಬಂತು ಎಂದೆ. "ಅವಳು ಒಂದ್ಸಲ ದಾರಿ ನೋಡಿದಾಳೆ. ಎರಡನೇ ಸಲಕ್ಕೆ ಅಷ್ಟು ಹೊತ್ತು ಬೇಕಾಗಲ್ಲ" ಎಂದರು. ನಾನು ಮತ್ತೆ ಬಿಸಿನೀರು ತಂದಿಟ್ಟೆ.

ಅವರೆಕಾಯಿಯ ಕಾಲ ಶುರುವಾದದ್ದು ಆ ವಾರವೇ. ನಮ್ಮ ಅಡುಗೆಮನೆಯ ಜಯಮ್ಮ ರಾಜಾನುಕುಂಟೆಯ ಕಡೆಯವಳು. ಅವಳಿಗೆ ತನ್ನ ಹೊಲದ ಅವರೆಕಾಯಿಯ ಮುಂದೆ ಲೋಕದಲ್ಲಿ ಇನ್ನೊಂದು ತಿನಿಸಿಲ್ಲ. ಮೂಟೆ ತಂದು ವಾರ್ಡಿನ ವರಾಂಡದ ಬಿಸಿಲಿನಲ್ಲಿ ಸುರಿದಳು. ಓಡಾಡಬಲ್ಲ ಹೆಂಗಸರೆಲ್ಲ ಸುತ್ತ ಕೂತು ಸುಲಿದರು. ನೆನೆಸಿದ ಕಾಳನ್ನು ಮರುದಿನ ಹಿದುಕಲು ಕೂತೆವು. ಎಲ್ಲರ ಕೈಯಲ್ಲೂ ಆ ವಾಸನೆ. ಸೋಪು ಹಾಕಿ ತೊಳೆದರೂ ಹೋಗದು.

ನಮ್ಮ ಕಡೆ ಹೀಗೆ ಹಿದುಕಿ ತಿನ್ನುವ ರೂಢಿ ಕಡಿಮೆ. ರೇಣುಕಾ ಒಂದೊಂದೇ ಕಾಳು ಹಿಡಿದು ಒದ್ದಾಡುತ್ತಿದ್ದಳು. ಜಯಮ್ಮ ಅವಳ ಕೈ ಹಿಡಿದು ತೋರಿಸಿದಳು. "ಇಂಗೆ ಇದುಕು ಕಣವ್ವ. ಎಬ್ಬೆಟ್ಟಲ್ಲಿ ಒತ್ತು." ರೇಣುಕಾ ಒತ್ತಿದಳು. ಕಾಳು ಸಿಪ್ಪೆಯಿಂದ ಹಾರಿ ನೇರ ಜಯಮ್ಮನ ಹಣೆಗೆ ಬಡಿಯಿತು. ಸುತ್ತ ಕೂತವರೆಲ್ಲ ನಕ್ಕರು. ಆ ನಗೆಯ ನಡುವೆ ನನಗೆ ಹೊಸದೊಂದು ನಗೆ ಕೇಳಿಸಿತು, ಒರಟು, ತುಂಡುತುಂಡಾದದ್ದು. ನಾನು ಕಾಳಿನಿಂದ ಕಣ್ಣು ಎತ್ತಲಿಲ್ಲ.

ಜಯಮ್ಮ ಹಣೆ ಒರೆಸಿಕೊಂಡು ತನ್ನ ಪುರಾಣ ಮುಂದುವರಿಸಿದಳು. "ನಿಮ್ ಕಡೆ ರೊಟ್ಟಿ ತಿಂತೀರಲ್ಲ, ಅದಕ್ಕೆ ಈ ಇದಕಿದ ಬೇಳೆ ಸಾರು ಆಕ್ಕೊಂಡು ತಿಂದು ನೋಡು. ಇದಕ್ಕಿಂತ ರುಚಿ ಇನ್ನೇನೈತೆ ಏಳು."

"ಊಹೂಂ" ಎಂದಳು ರೇಣುಕಾ.

ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ. ನನ್ನ ಕೈಯ ಕಾಳು ಜಾರಿತು. ಜಯಮ್ಮನಿಗೂ ಡಾಕ್ಟರು ಹೇಳಿಟ್ಟಿದ್ದರು, ಅವಳು ಜಗಳಕ್ಕೆ ನಿಂತವಳಂತೆ ಕೇಳಿದಳು, "ಊಹೂಂ ಅಂದ್ರಾಯ್ತಾ? ಮತ್ತೇನು ರುಚಿ, ನೀನೇ ಏಳು."

ರೇಣುಕಾಳ ತುಟಿ ಅಲುಗಿತು. ಮೊದಲ ಸಲ ಗಾಳಿ ಮಾತ್ರ ಬಂತು. ಎರಡನೆಯ ಸಲ, "ಬದನಿಕಾಯಿ" ಎಂದಳು. ಗಂಟಲು ಸರಿಪಡಿಸಿಕೊಂಡು ಮತ್ತೆ ಹೇಳಿದಳು. "ತುಂಬಗಾಯಿ ಬದನಿಕಾಯಿ."

"ಬದನೇಕಾಯಂತೆ, ಎಣ್ಣೆಗಾಯಂತೆ" ಎಂದು ಜಯಮ್ಮ ಮೂಗು ಮುರಿದು ಬೇಸಿನ್ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನಾನು ಹೋಗಿ ನೋಡಿದರೆ ಒಲೆಯ ಮುಂದೆ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು.

ಆಮೇಲೆ ಧ್ವನಿ ಬೇಗಬೇಗ ಮರಳಿತು. ಅಂದು ಸಂಜೆ ಬಂದ ಮಲ್ಲಪ್ಪನಿಗೆ ಅವಳು "ಉಂಡ್ಯಾ?" ಎಂದು ಕೇಳಿದಳು. ಅವನು ಕೈಯ ಚೀಲವನ್ನು ಅಲ್ಲೇ ಬಿಟ್ಟು ಮೆಟ್ಟಿಲಿನತ್ತ ಹೋಗಿ ನಿಂತ. ಇಷ್ಟಾದರೆ ಮುಗಿಯಿತೆಂದು ನಾನು ಎಣಿಸಿದ್ದೆ. ಡಾಕ್ಟರು ಮಾತ್ರ, "ಈಗ ಹುಷಾರಾಗಿರಿ ಸಿಸ್ಟರ್. ಇಷ್ಟು ದಿನ ಅವಳ ಹತ್ರ ಬರದೇ ಇದ್ದಿದ್ದು ಈಗ ಬರತ್ತೆ" ಎಂದರು.

ಬಂತು. ಒಂದು ಮಧ್ಯಾಹ್ನ ತಾರಸಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದೆವು. ಅವಳು ದಿಂಬಿನ ಕವರನ್ನು ಕೈಯಲ್ಲೇ ಹಿಡಿದು ನಿಂತಳು.

"ನಾ ನೋಡಲಿಲ್ರೀ ಅಕ್ಕಾರ. ಬಾಟ್ಲಿ ತಗೊಳ್ಳಾಕ ಬಗ್ಗಿದ್ದೆ. ನೋಡಲಾರ್ದ ಅಂದೆ. ಆ ಮಾತು ನನ್ನ ಬಾಯಾಗಿಂದ ಬಂತು, ಅದಕ್ಕ ಬಸ್ ಹೋತು. ಆಮ್ಯಾಲ ಆ ಹುಡುಗಿ ಚೀರಿದ್ದು ಕೇಳಿಸ್ತು. ಈ ಬಾಯೀನ ಬ್ಯಾಡ ಅನ್ನಿಸ್ತು ನನಗ."

ನಾನು ಬಟ್ಟೆ ಕೆಳಗಿಟ್ಟು ಅವಳ ಪಕ್ಕ ನಿಂತೆ. ಅವಳು ಅಳಲಿಲ್ಲ. ಅಳದೇ ಇದ್ದದ್ದು ನನಗೆ ಹೆದರಿಕೆ ತಂದಿತು. "ನಾ ಇದ್ದು ಯಾರಿಗೇನು?" ಎಂದಳು.

"ಸಾಯಬೇಕು ಅನ್ನಿಸತೈತೇನ್ರಿ?" ಎಂದು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವ ಯೋಚನೆಗೆ ಜೊತೆ ಸಿಗುತ್ತದೆ ಎಂಬುದನ್ನು ಆ ವಾರ್ಡಿನಲ್ಲೇ ಕಲಿತಿದ್ದೆ.

ಅವಳು ತಲೆ ತಗ್ಗಿಸಿ ಹ್ಞೂಂ ಎಂದಳು.

"ಹೇಳಿದ್ದು ಛಲೋ ಆತು. ಇದನ್ನ ನನ್ನ ಹೊಟ್ಟ್ಯಾಗ ಇಟ್ಕೊಳ್ಳಂಗಿಲ್ಲ. ಡಾಕ್ಟರಿಗೆ ಹೇಳ್ತೀನಿ. ನಡೀರಿ, ಇಬ್ರೂ ಕೂಡೇ ಹೋಗೂಣು."

ಅವಳ ಮಂಚವನ್ನು ನರ್ಸುಗಳ ಮೇಜಿನ ಎದುರಿಗೇ ತಂದೆವು. ಸರದಿಯ ಮೇಲೆ ಯಾರಾದರೊಬ್ಬರು ಸದಾ ಜೊತೆಗಿರುತ್ತಿದ್ದೆವು. ಡಾಕ್ಟರು ದಿನವೂ ಅವಳೊಡನೆ ಕೂತು, ಆ ಮಧ್ಯಾಹ್ನವನ್ನು ಅವಳು ತಾಳುವಷ್ಟೇ ಸ್ವಲ್ಪ ಸ್ವಲ್ಪ ಬಿಚ್ಚಿ ನೋಡುತ್ತಿದ್ದರು. ನೋಡದೆ ಕೂಗಿದ್ದು ಅವಳದು. ಅದನ್ನು ಯಾರೂ ಇಲ್ಲವೆನ್ನಲಿಲ್ಲ. ಹಾಗೆ ನಾವು ಇಲ್ಲವೆನ್ನದೇ ಇದ್ದದ್ದರಿಂದಲೇ ಅವಳು ನಮ್ಮನ್ನು ನಂಬಿದಳೇನೋ. ಆದರೆ ಅವಳದಲ್ಲದ್ದೂ ಹೊರಬಂತು. ಬಾಗಿಲಿನ ಸ್ಪ್ರಿಂಗ್ ಬಹಳ ದಿನದಿಂದ ಸಡಿಲವಾಗಿ, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅವಳೂ ಡ್ರೈವರೂ ಶಾಲೆಯವರಿಗೆ ಹೇಳಿ ಹೇಳಿ ಸಾಕಾಗಿ, ಬಾಗಿಲು ಮುಚ್ಚದಂತೆ ಹಗ್ಗ ಕಟ್ಟಿಕೊಂಡು ಓಡಿಸುತ್ತಿದ್ದರು. ಆ ದಿನ ಹಗ್ಗ ಬಿಚ್ಚಿಕೊಂಡು ಬಾಗಿಲು ಧೃತಿಯ ಬ್ಯಾಗಿನ ಪಟ್ಟಿಯ ಮೇಲೆ ಮುಚ್ಚಿತ್ತು.

ಸಂಕ್ರಾಂತಿಯ ಹೊತ್ತಿಗೆ ಅವಳು ಹೊಟ್ಟೆ ತುಂಬ ಉಣ್ಣತೊಡಗಿದಳು. ಹಾರ್ನ್ ಕೇಳಿದಾಗ ತಾನೇ ಕಾಲನ್ನು ನೆಲಕ್ಕೆ ಊರಿ, ಕಿಟಕಿಯ ಸರಳು ಹಿಡಿದು ನಿಲ್ಲುವುದನ್ನು ಕಲಿತಿದ್ದಳು. ಆಗ ಧೃತಿಯ ತಾಯಿ ಸುಮಾ ಡಾಕ್ಟರಿಗೆ ಫೋನ್ ಮಾಡಿದರು. ಮಗಳು ಆಯಾ ಆಂಟಿಯನ್ನು ನೋಡಬೇಕೆಂದು ಹಟ ಮಾಡುತ್ತಿದ್ದಾಳೆ, ಕರೆತರಬಹುದೇ ಎಂದು. ಡಾಕ್ಟರು ರೇಣುಕಾಳನ್ನು ಕೇಳಿದರು. ಮೊದಲು ಊಹೂಂ. ಕೆಲವು ದಿನ ಕಳೆದ ಮೇಲೆ ಅವಳೇ ನನ್ನ ಬಳಿ ಬಂದು, "ಬರ್ಲಿ ಅಕ್ಕಾರ. ನೀವು ಅಲ್ಲೇ ಇರ್ರಿ" ಎಂದಳು.

ಭಾನುವಾರ ಬೆಳಿಗ್ಗೆ ಬಂದರು. ಧೃತಿಯ ಕಾಲಿಗೆ ಇನ್ನೂ ಪ್ಲಾಸ್ಟರ್ ಇತ್ತು, ವಾಕರ್ ಹಿಡಿದಿದ್ದಳು. ಸುಮಾ ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು, "ಸುಳ್ಳು ಹೇಳಲ್ಲ ರೇಣುಕಾ, ನಿಮ್ಮ ಮೇಲೆ ನಂಗೆ ಕೋಪ ಹೋಗಿಲ್ಲ. ಇವಳಿಗೋಸ್ಕರ ಬಂದೆ."

ರೇಣುಕಾ ಎದ್ದು ನಿಂತಳು. "ನಾ ನೋಡಲಾರ್ದ ರೈಟ್ ಅಂದೆ ರೀ ಅಮ್ಮಾರ. ತಪ್ಪಾತು. ಧೃತಿ, ನನ್ನಿಂದ ತಪ್ಪಾತವಾ."

ಧ್ವನಿ ಬಂದ ಮೇಲೆ ‘ರೈಟ್’ ಎಂಬ ಆ ಶಬ್ದವನ್ನು ಅವಳು ಬಾಯಿಬಿಟ್ಟು ಅಂದದ್ದು ಅದೇ ಮೊದಲು. ನಾನೂ ಡಾಕ್ಟರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಧೃತಿಗೆ ಅದಾವುದೂ ಮುಖ್ಯವಿರಲಿಲ್ಲ. "ಆಂಟಿ, ಬಸ್ಸಿಗೆ ಹೊಸ ಆಯಾ ಬಂದಿದಾರಂತೆ" ಎಂದಳು. "ನನ್ ಕಿಟಕಿ ಸೀಟಲ್ಲಿ ಆರ್ಯನ್‌ನ ಕೂರಿಸ್ತಾರಂತೆ. ಅದು ನಂದು ಅಂತ ನೀವು ಹೇಳಿ ಅವರಿಗೆ."

ರೇಣುಕಾ ನೆಲಕ್ಕೆ ಕೂತು ಅವಳ ಎರಡೂ ಕೈ ಹಿಡಿದುಕೊಂಡಳು. ಅಂದು ಅವಳು ಅತ್ತಳು, ಬಹಳ ಹೊತ್ತು, ಗಟ್ಟಿಯಾಗಿ. ಮಗು ಗಾಬರಿಯಾಗದೆ ಕಾದಿತು. ಸುಮಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಹೊರಡುವ ಮುನ್ನ ಬಾಗಿಲಿನ ಸ್ಪ್ರಿಂಗಿನ ವಿಷಯ ರೇಣುಕಾಳ ಬಾಯಿಂದಲೇ ಕೇಳಿ, "ಇದನ್ನ ಸ್ಟೇಷನ್ನಲ್ಲಿ ಹೇಳ್ತೀರಾ?" ಎಂದರು.

ಮಲ್ಲಪ್ಪ ಹೆದರಿದ. "ಎಲ್ಲಾ ನಿನ್ನ ಮ್ಯಾಲೆ ಹಾಕ್ತಾರ. ಈಗ ಆರಾಮ ಆಗೀದಿ, ಸುಮ್ನ ಊರಿಗೆ ಹೋಗೂಣು" ಎಂದ. ರೇಣುಕಾ ಎರಡು ದಿನ ಯೋಚಿಸಿದಳು. "ಡ್ರೈವರಣ್ಣ ಒಬ್ಬಾನ ಎಲ್ಲಾ ಹೊತ್ಕೊಂಡಾನಲ್ಲ" ಎಂದಳು. ಅಷ್ಟೇ.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಡ್ರೈವರಿಗೆ ಜಾಮೀನು ಸಿಕ್ಕಿತು. ಕೇಸು ಕೆಲವು ವರ್ಷ ನಡೆಯಿತು. ರೇಣುಕಾ ದಂಡ ಕಟ್ಟಿದಳು, ಶಾಲೆಯವರೂ ಧೃತಿಯ ಮನೆಯವರಿಗೆ ಪರಿಹಾರ ಕೊಡಬೇಕಾಯಿತು, ಎಲ್ಲ ಬಸ್ಸುಗಳ ಬಾಗಿಲು ಬದಲಾಯಿಸಿದರು. ಅವಳನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಒಂದೆರಡು ಬಾರಿ ಧ್ವನಿ ಮತ್ತೆ ಕಟ್ಟಿಕೊಂಡಿತು. ಆಗೆಲ್ಲ ಹೆದರದೆ ತಾನೇ ಬಿಸಿನೀರು ಕಾಯಿಸಿಕೊಂಡು, ಡಾಕ್ಟರಿಗೆ ಫೋನ್ ಮಾಡಿಸಿ ಬಂದು ತೋರಿಸಿಕೊಂಡಳು. ಈಗ ಪುಟ್ಟೇನಹಳ್ಳಿಯಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸಕ್ಕಿದ್ದಾಳೆ. ಧೃತಿ ಶಾಲೆಯ ಕಬಡ್ಡಿ ತಂಡದಲ್ಲಿದ್ದಾಳೆಂದು ರೇಣುಕಾಳೇ ನನಗೆ ಹೇಳಿದ್ದು.

ಆದರೆ ಆ ಚಳಿಗಾಲವೆಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಠಾಣೆಯ ಆ ಬೆಳಗು. ಡಾಕ್ಟರು ಮೊದಲೇ ಮಾತಾಡಿದ್ದರಿಂದ ಒಳಗಿನ ಚಿಕ್ಕ ಕೋಣೆಯಲ್ಲಿ ಕೂರಿಸಿದರು. ಒಂದು ಕಡೆ ನಾನು, ಇನ್ನೊಂದು ಕಡೆ ಮಲ್ಲಪ್ಪ. ಎದುರಿಗೆ ಅದೇ ಹೆಡ್ ಕಾನ್‌ಸ್ಟೇಬಲ್. ಆ ದಿನ ವಾರ್ಡಿನಲ್ಲಿ ಅಂದದ್ದು ಅವರಿಗೂ ನೆನಪಿತ್ತೆಂದು ಕಾಣುತ್ತದೆ. ಕುರ್ಚಿಯನ್ನು ತಾವೇ ಎಳೆದುಕೊಟ್ಟು, "ಕೂತ್ಕೊಳ್ಳಮ್ಮ, ಅವಸರ ಏನಿಲ್ಲ" ಎಂದರು.

ರೇಣುಕಾ ಎರಡೂ ಪಾದ ನೆಲಕ್ಕೆ ಊರಿ ಕೂತಳು. ಸೆರಗು ಸರಿಮಾಡಿಕೊಂಡಳು. ಮೊದಲ ಮಾತು ಹೊರಡುವಾಗ ಗಂಟಲು ಕಟ್ಟಿತು. ಅವಳು ತುಟಿ ಮುಚ್ಚಿ ಒಂದು ಸಲ ಮ್ ಎಂದುಕೊಂಡಳು, ಆಮೇಲೆ ಶುರು ಮಾಡಿದಳು. ಬಸ್ಸು, ಬಾಟಲಿ, ತಾನು ನೋಡದೇ ಇದ್ದದ್ದು, ಕೂಗಿದ್ದು, ಸ್ಪ್ರಿಂಗು, ಹಗ್ಗ, ಯಾರಿಗೆ ಹೇಳಿದ್ದು, ಅವರು ಏನೆಂದದ್ದು. ನಮ್ಮ ಕಡೆಯ ಮಾತು, ಅದರ ಓಟದಲ್ಲಿ. ಇಷ್ಟು ದಿನ ತಡೆದಿದ್ದೆಲ್ಲ ಒಟ್ಟಿಗೇ ಬರುತ್ತಿತ್ತು. ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ಎತ್ತಿ ಕೈ ಕೊಡವಿಕೊಂಡರು.

"ಸ್ವಲ್ಪ ನಿಧಾನಕ್ಕೆ ಹೇಳಮ್ಮ. ಇಷ್ಟು ಬೇಗ ಮಾತಾಡಿದ್ರೆ ನಾನು ಬರ್ಕೊಳ್ಳೋದು ಹೆಂಗೆ?"

ಮಲ್ಲಪ್ಪ ತಲೆ ಬಗ್ಗಿಸಿಕೊಂಡ. ಅವನ ಭುಜ ಅಲುಗುತ್ತಿತ್ತು, ನಗುತ್ತಿದ್ದನೋ ಅಳುತ್ತಿದ್ದನೋ ನನಗೆ ತಿಳಿಯಲಿಲ್ಲ. ರೇಣುಕಾ ಮೇಜಿನ ಮೇಲಿದ್ದ ನೀರು ಎತ್ತಿ ಕುಡಿದಳು.

"ಆತು ತಗೋರಿ ಮೇಡಂ" ಎಂದಳು. "ಮತ್ತ ಮೊದಲಿಂದ ಹೇಳ್ತೀನಿ."